ಅಪ್ಪನ ಆಸ್ಪತ್ರೆಯಲ್ಲಿ ಸೂಜಿ ಇಲ್ಲ

ಬುಧವಾರ, ಮಧ್ಯಾಹ್ನ
ಕನ್ನಡಕದ ಅಂಗಡಿಯಿಂದ

ಚೋಟುವಿನ ಅಪ್ಪನಿಗೆ,

‘ಪ್ರೀತಿಯ’ ಅಂತ ಶುರು ಮಾಡೋಣ ಅಂದುಕೊಂಡೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ‘ಮಾನ್ಯರೇ’ ಅಂದರೆ ನೀನು ಅದನ್ನ ನಿಜವಾದ ಗೌರವ ಅಂತಲೇ ತಿಳಿದುಕೊಂಡುಬಿಡ್ತೀಯ. ಅದಕ್ಕೇ ನಮ್ಮಿಬ್ಬರ ನಡುವೆ ಉಳಿದಿರೋ ಸಂಬಂಧ ಏನಿದೆಯೋ ಅದನ್ನೇ ಬರೆದಿದ್ದೀನಿ. ಫೋನ್ ಮಾಡಬಹುದಿತ್ತಲ್ಲ ಅಂತೀಯ, ಗೊತ್ತು. ಫೋನಿನಲ್ಲಿ ನಾನು ದನಿ ಏರಿಸಿದ ತಕ್ಷಣ ನಿನಗೆ ಸಿಗ್ನಲ್ ಹೋಗಿಬಿಡುತ್ತೆ. ಕಾಗದಕ್ಕೆ ಆ ಕಾಯಿಲೆ ಇಲ್ಲ. ಅಂಗಡಿಗೆ ಈ ಹೊತ್ತಲ್ಲಿ ಗಿರಾಕಿಗಳೂ ಬರಲ್ಲ, ನಿಧಾನವಾಗಿ ಬರೀತೀನಿ. ನೀನೂ ನಿಧಾನವಾಗಿ ಕೂತು ಓದು.

ಈ ರಜೆಯಿಡೀ ಚೋಟುವನ್ನ ನಿನ್ನ ಮನೆಗೆ ಕಳಿಸು ಅಂತ ಕೇಳಿದ್ದೀಯ. ಅಪ್ಪನ ಜವಾಬ್ದಾರಿ, ಅಪ್ಪನ ಹಕ್ಕು ಅಂತೆಲ್ಲ ದೊಡ್ಡ ದೊಡ್ಡ ಮಾತು ಬರೆದಿದ್ದೀಯ. ಓದಿ ನಗು ಬಂತು, ಆಮೇಲೆ ಹೊಟ್ಟೆ ಉರೀತು. ಯಾಕೆ ಅಂತ ನಿನಗೆ ಗೊತ್ತು. ಗೊತ್ತಿಲ್ಲದ ಹಾಗೆ ನಟಿಸೋದೂ ನಿನಗೆ ಗೊತ್ತು. ಆದ್ದರಿಂದ ನಾನೇ ಹೇಳ್ತೀನಿ.

ಹೋದ ಶನಿವಾರ ನೀನು ನಿನ್ನ ಮಗಳನ್ನ ಲಸಿಕೆ ಹಾಕಿಸೋಕೆ ಕರೆದುಕೊಂಡು ಹೋದೆ. ಅಂಗಡಿಯಲ್ಲಿ ನನಗೆ ರಜೆ ಸಿಗಲಿಲ್ಲ, ನಾನೇ ಹೋಗ್ತೀನಿ ಅಂತ ನೀನಂದೆ. ಆ ಕ್ಷಣ ಮನಸ್ಸಿನಲ್ಲಿ ನಿನ್ನ ಬಗ್ಗೆ ಒಂದು ಒಳ್ಳೆ ಮಾತು ಹುಟ್ಟಿತ್ತು, ಅದನ್ನ ವಾಪಸ್ ತಗೊಂಡಿದ್ದೀನಿ. ಸಂಜೆ ಅವಳ ತೋಳಿನ ಮೇಲೆ ಮೊಲದ ಚಿತ್ರ ಇರೋ ಪ್ಲಾಸ್ಟರ್ ಅಂಟಿಸಿ ಬಾಗಿಲಲ್ಲಿ ಬಿಟ್ಟು, ಆಯ್ತು, ಒಂಚೂರೂ ಅಳಲಿಲ್ಲ, ಬಂಗಾರದಂಥ ಮಗು ಅಂತ ಹೇಳಿ ಹೋದೆ. ನಾನು ಪೆದ್ದಿ, ನಂಬಿದೆ. ರಾತ್ರಿ ಜ್ವರ ಬರಬಹುದು ಅಂತ ಒದ್ದೆ ಬಟ್ಟೆ ಸಿದ್ಧ ಮಾಡಿಟ್ಟುಕೊಂಡೆ. ಜ್ವರ ಬರಲಿಲ್ಲ. ಹೇಗೆ ಬರುತ್ತೆ ಹೇಳು!

ಭಾನುವಾರ ಸ್ನಾನ ಮಾಡಿಸುವಾಗ ಪ್ಲಾಸ್ಟರ್ ಕಿತ್ತು ನೀರಲ್ಲಿ ಹೋಯಿತು. ಚೋಟು ಗೋಳೋ ಅಂತ ಶುರು ಮಾಡಿದಳು. ಅಳಬೇಡ ಪುಟ್ಟಾ, ಗಾಯ ವಾಸಿಯಾಗಿದೆ ಅಂದೆ. ಗಾಯ ಎಲ್ಲಿದೆ, ನನ್ನ ಮೊಲ ಹೋಯ್ತು, ಅಪ್ಪ ಕೊಡಿಸಿದ ಅಂಗಡಿಗೆ ಹೋಗಿ ಇನ್ನೊಂದು ತರೋಣ ಅಂದಳು. ಯಾವ ಅಂಗಡಿ ಅಂತ ಕೇಳಿದೆ. ಆಸ್ಪತ್ರೆ ಎದುರಿನ ಔಷಧಿ ಅಂಗಡಿ ಅಂತೆ. ಆನೆ, ಮೊಲ ಎರಡೂ ಇತ್ತಂತೆ, ಇವಳು ಮೊಲ ಆರಿಸಿದಳಂತೆ. ಅಮ್ಮಂಗೆ ಹೇಳ್ಬೇಡ ಅಂತ ಅಪ್ಪ ಹೇಳಿದ್ದಾರೆ ಅನ್ನೋದನ್ನೂ ಅಮ್ಮನಿಗೇ ಹೇಳಿದಳು ಪಾಪ. ಗುಟ್ಟು ಇಟ್ಟುಕೊಳ್ಳೋದು ಅವಳಿಗಿನ್ನೂ ಬರಲ್ಲ, ನಾಲ್ಕು ವರ್ಷದ ಕೂಸು.

ಸೋಮವಾರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ನರ್ಸ್ ಹೇಳಿದ್ದು ಇಷ್ಟು. ಒಳಗೆ ಬೇರೆ ಮಗು ಕಿರುಚಿತು, ನಿಮ್ಮ ಮಗಳು ಹೆದರಿದಳು, ನಿಮ್ಮವರು ಅವಳಿಗಿಂತ ಜಾಸ್ತಿ ಹೆದರಿದರು, ನೀರು ಕುಡಿಸಿಕೊಂಡು ಬರ್ತೀನಿ ಅಂತ ಹೋದವರು ಪತ್ತೆ ಇಲ್ಲ. ‘ನಿಮ್ಮವರು’ ಅನ್ನೋ ಮಾತನ್ನ ಅಲ್ಲೇ ತಿದ್ದೋಣ ಅಂದುಕೊಂಡೆ, ನಾಚಿಕೆಯಾಗಿ ಫೋನ್ ಇಟ್ಟೆ. ದಿನವಿಡೀ ಊರಿನವರ ಕಣ್ಣು ಪರೀಕ್ಷೆ ಮಾಡಿ ಕೂರೋಳು ನಾನು, ನನ್ನ ಕಣ್ಣಿಗೇ ಮಣ್ಣೆರಚಿದೆಯಲ್ಲ, ಭೇಷ್!

ಇನ್ನೊಂದು ವಿಷಯ ನನ್ನನ್ನ ಬಿಟ್ಟೂ ಬಿಡದ ಹಾಗೆ ಕಾಡ್ತಾ ಇದೆ. ನಿನ್ನ ಕೆಲಸ ಏನು? ವಿಮೆ ಮಾರೋದು. ಸಿಕ್ಕಿದವರನ್ನೆಲ್ಲ ಕೂರಿಸಿಕೊಂಡು ನಾಳೆ ಏನಾಗುತ್ತೋ ಯಾರು ಕಂಡಿದ್ದಾರೆ, ಇವತ್ತೇ ಎಚ್ಚರ ವಹಿಸಿ ಅಂತ ತಲೆ ತಿಂತೀಯ. ನನ್ನ ತಮ್ಮನ ಮದುವೆ ಮನೆಯಲ್ಲಿ ಮದುಮಗನನ್ನೇ ಮೂಲೆಗೆ ಕರೆದುಕೊಂಡು ಹೋಗಿ ಅವನು ಸತ್ತರೆ ಏನು ಗತಿ ಅಂತ ವಿವರಿಸಿದ ಮಹಾನುಭಾವ ನೀನು. ಊರಿಗೆಲ್ಲ ಎಚ್ಚರ ಹಂಚಿ ಸ್ವಂತ ಮಗಳ ಪಾಲಿಗೆ ಒಂದು ಅಂಟುಕಾಗದ ಉಳಿಸಿದೆ.

ನಿನ್ನ ಸಮಜಾಯಿಷಿ ಏನು ಅಂತ ಕೇಳದೇನೇ ಗೊತ್ತು. ನನಗೆ ಅವಳ ಅಳು ನೋಡೋಕಾಗಲ್ಲ ಅಂತೀಯ. ಎಷ್ಟು ವರ್ಷದಿಂದ ಕೇಳ್ತಾ ಇದ್ದೀನಿ ಈ ‘ನೋಡೋಕಾಗಲ್ಲ’ವನ್ನ! ಹೆರಿಗೆಯ ದಿನ ನನ್ನ ಸಂಕಟ ನೋಡೋಕಾಗಲ್ಲ ಅಂತ ಹೊರಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದೆ. ಮನೆ ಬಿಟ್ಟು ಹೋಗುವಾಗಲೂ ಮಗಳ ಮುಖ ನೋಡೋಕಾಗಲಿಲ್ಲ, ಕೆಲಸದ ಮೇಲೆ ಬೇರೆ ಊರಿಗೆ ಹೋಗ್ತಿದ್ದೀನಿ, ಬೇಗ ಬರ್ತೀನಿ ಅಂದೆ. ಅವಳು ಆ ‘ಬೇಗ’ವನ್ನ ನಂಬಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಗೊಂಬೆ ಇಟ್ಟುಕೊಂಡು ಕೂತಿರ್ತಿದ್ದಳು. ಅಪ್ಪ ಇನ್ನು ಇಲ್ಲಿ ಇರಲ್ಲ ಅಂತ ಕೊನೆಗೆ ಹೇಳಿದೋಳು ನಾನು. ಅವಳು ಕಚ್ಚಿದ್ದು, ಒದ್ದಿದ್ದು, ನೀನು ಕೆಟ್ಟೋಳು ಅಂದಿದ್ದು ನನ್ನನ್ನೇ. ನೀನು ಮಾತ್ರ ಭಾನುವಾರ ಬಲೂನು ಹಿಡಿದು ಬರೋ ಒಳ್ಳೆ ಅಪ್ಪ. ಇದು ಪ್ರೀತಿ ಅಲ್ಲ ಮಾರಾಯ, ಪುಕ್ಕಲುತನ.

ನಿನ್ನೆ ನಾನೇ ಕರೆದುಕೊಂಡು ಹೋದೆ. ಹಿಂದಿನ ದಿನವೇ ಹೇಳಿದ್ದೆ, ನಾಳೆ ಸೂಜಿ ಹಾಕ್ತಾರೆ, ನೋವಾಗುತ್ತೆ, ಸ್ವಲ್ಪ ಹೊತ್ತಿಗೆ ಹೋಗುತ್ತೆ, ನಾನು ಜೊತೆಗೇ ಇರ್ತೀನಿ ಅಂತ. ಅವಳು ಏನಂದಳು ಗೊತ್ತಾ? ನಿನ್ನ ಆಸ್ಪತ್ರೆ ಬೇಡ, ಅಪ್ಪನ ಆಸ್ಪತ್ರೆಗೆ ಹೋಗೋಣ, ಅಲ್ಲಿ ಸೂಜಿ ಇಲ್ಲ, ಬರೀ ಮೊಲ. ಶನಿವಾರ ನೀನು, ಸೂಜಿ ಅಂದರೆ ಇರುವೆ ಕಚ್ಚಿದ ಹಾಗೆ ಅಷ್ಟೇ ಅಂತ ಹೇಳಿದ್ದೆಯಂತೆ. ಕಪ್ಪು ಇರುವೆನಾ ಕೆಂಪು ಇರುವೆನಾ ಅಂತ ಕೇಳಿದ್ದಕ್ಕೆ ನೀನು ಮಾತೇ ಬದಲಾಯಿಸಿದೆಯಂತೆ. ಪ್ರಶ್ನೆ ಸರಿಯಾಗೇ ಇತ್ತಲ್ಲ, ಎರಡರಲ್ಲಿ ಒಂದು ಹೇಳೋಕೆ ಏನು ರೋಗ ನಿನಗೆ?

ಕ್ಲಿನಿಕ್ಕಿನ ವರಾಂಡದಲ್ಲಿ ನಿನ್ನಂಥವರ ಬಳಗವೇ ಕೂತಿತ್ತು. ಒಬ್ಬ ತಾಯಿ, ಸುಮ್ಮನಿರದೆ ಹೋದರೆ ನರ್ಸಿಗೆ ಹೇಳಿ ಇನ್ನೊಂದು ಚುಚ್ಚಿಸ್ತೀನಿ ಅಂತ ಮಗನನ್ನ ಹೆದರಿಸ್ತಿದ್ದಳು. ಒಬ್ಬ ಭೂಪ ಮಗು ಅಳೋದನ್ನ ಫೋನಿನಲ್ಲಿ ಹಿಡಿದು ನೆಂಟರಿಗೆಲ್ಲ ಕಳಿಸಿ ನಗ್ತಿದ್ದ. ಇನ್ನೊಬ್ಬರು ಅಜ್ಜ, ಗಂಡಸು ಅಳಬಾರದು ಅಂತ ಹಲ್ಲೂ ಬರದ ಕೂಸಿಗೆ ಉಪದೇಶ ಮಾಡ್ತಿದ್ದರು. ಇವರಿಗೆಲ್ಲ ಮಕ್ಕಳ ನೋವಿನ ಚಿಂತೆ ಇಲ್ಲ, ಸದ್ದು ಅಡಗಿದರೆ ಸಾಕು, ಇಲ್ಲಾ ತಮಾಷೆ ಸಿಕ್ಕರೆ ಸಾಕು. ಎದ್ದು ನಾಲ್ಕು ಬಾರಿಸೋಣ ಅನ್ನಿಸಿತು.

ನನ್ನದೇನು ದೊಡ್ಡ ಧೈರ್ಯ ಅಂತ ಜಂಬ ಕೊಚ್ಚಿಕೊಳ್ಳಲ್ಲ. ಒಳಗೆ ಹೋದಾಗ ನನಗೂ ಭಯವೇ. ಚೋಟುವನ್ನ ಮೇಜಿನ ಮೇಲೆ ಮಲಗಿಸೋಕೆ ಹೋದೆ, ನರ್ಸ್ ಗದರಿದಳು. ಮಲಗಿಸಬೇಡಿ, ತೊಡೆ ಮೇಲೆ ಕೂರಿಸಿ, ಎದೆಗೆ ಅಪ್ಪಿಕೊಳ್ಳಿ, ಮೊದಲು ನೀವು ಉಸಿರಾಡಿ, ಮಗು ನಿಮ್ಮ ಮುಖ ನೋಡ್ತಾ ಇದೆ ಅಂದಳು. ಆಮೇಲೆ ಚೋಟುವಿನ ಕೈಗೆ ಸೋಪಿನ ಗುಳ್ಳೆಯ ಬಾಟಲಿ ಕೊಟ್ಟು, ಎಡ ತೋಳೋ ಬಲ ತೋಳೋ ನೀನೇ ಹೇಳು ಅಂತ ಕೇಳಿದಳು. ಇವಳು ತುಂಬ ಯೋಚನೆ ಮಾಡಿ ಎಡ ಅಂದಳು, ಬಲಗೈಯಲ್ಲಿ ಬರೀಬೇಕು ಅಂತೆ! ಅವಳಿಗೆ ಬರೆಯೋಕೆ ಬರೋದು ಬರೀ ಸೊನ್ನೆ. ದೊಡ್ಡ ಗುಳ್ಳೆ ಬರಲಿ, ನಿಧಾನವಾಗಿ ಊದು ಅಂದಳು ನರ್ಸ್. ಊದುವಾಗಲೇ ಸೂಜಿ ಹೋಯಿತು.

ಅತ್ತಳು. ಜೋರಾಗೇ ಅತ್ತಳು, ನನ್ನ ಹೆಗಲೆಲ್ಲ ಸಿಂಬಳ. ನಾನು ಸುಮ್ಮನಿರು ಅನ್ನಲಿಲ್ಲ. ಹೌದು, ನೋವು, ಅಳು, ಇಲ್ಲೇ ಇದ್ದೀನಿ ಅಂತ ಬೆನ್ನು ಸವರ್ತಾ ಇದ್ದೆ. ನೀನು ಯಾವುದನ್ನ ನೋಡೋಕಾಗಲ್ಲ ಅಂತ ಓಡಿಹೋದೆಯೋ ಅದು ಮುಗಿಯೋಕೆ ಒಂದು ಕಾಫಿ ಕುಡಿಯೋ ಹೊತ್ತೂ ಹಿಡಿಯಲಿಲ್ಲ. ಅಳು ನಿಂತ ಮೇಲೆ ನನ್ನ ಮುಖವನ್ನ ಎರಡು ಕೈಯಲ್ಲಿ ಹಿಡಿದು, ನೋವಾಗುತ್ತೆ ಅಂದಿದ್ದೆ, ನೋವಾಯ್ತು ಅಂದಳು. ದೂರಿನ ದನಿ ಅಲ್ಲ, ನಾನು ಹೇಳಿದ್ದು ಸರಿ ಇದೆ ಅಂತ ಒಪ್ಪಿಕೊಂಡ ಹಾಗೆ. ಆಮೇಲೆ ಉಳಿದ ಗುಳ್ಳೆಗಳನ್ನೆಲ್ಲ ನರ್ಸಿನ ಮುಖಕ್ಕೇ ಊದಿದಳು.

ಈಗ ರಜೆಯ ಮಾತು. ಇಲ್ಲ ಅಂತ ಒಂದೇ ಮಾತಲ್ಲಿ ಬರೆದು ಮುಗಿಸೋಣ ಅಂತಲೇ ಇದ್ದೆ. ಆದರೆ ಹಾಗೆ ಮಾಡಿದರೆ ನಿನಗೇ ಅನುಕೂಲ, ಅವಳು ಕಳಿಸಲ್ಲ ಅಂತಾಳೆ, ನಾನೇನು ಮಾಡಲಿ ಅಂತ ಊರೆಲ್ಲ ಹೇಳಿಕೊಂಡು ಓಡಾಡ್ತೀಯ. ಮುಂದಿನ ತಿಂಗಳು ಇನ್ನೊಂದು ಲಸಿಕೆ ಇದೆ, ರಜೆ ಶುರುವಾಗೋ ಮುಂಚೆ. ನೀನು ಕರೆದುಕೊಂಡು ಹೋಗು. ಇರುವೆ ಗಿರುವೆ ಅನ್ನದೆ ಇದ್ದದ್ದನ್ನ ಹೇಳು. ತೊಡೆ ಮೇಲೆ ಕೂರಿಸಿಕೋ. ಅವಳು ಅಳುವಾಗ ಅಲ್ಲೇ ಇರು. ನಾನು ವರಾಂಡದಲ್ಲಿ ಕೂತಿರ್ತೀನಿ, ಒಳಗೆ ಬರಲ್ಲ. ಅಷ್ಟು ಮಾಡಿದರೆ ರಜೆಯಿಡೀ ನಿನ್ನ ಹತ್ತಿರ ಇರಲಿ, ಬಟ್ಟೆ ನಾನೇ ಜೋಡಿಸಿ ಕಳಿಸ್ತೀನಿ. ಆಗಲ್ಲ ಅಂದರೆ ರಜೆಯ ಆಸೆ ಬಿಟ್ಟುಬಿಡು. ಅಳೋ ಮಗುವನ್ನ ಇಟ್ಟುಕೊಳ್ಳೋಕೆ ಬರದವನಿಗೆ ನಗೋ ಮಗುವನ್ನ ಕೊಡೋಕೆ ನನಗೆ ಮನಸ್ಸಿಲ್ಲ.

ಗಿರಾಕಿ ಬಂದರು, ನಿಲ್ಲಿಸ್ತೀನಿ.

ಇಂತಿ,
ಚೋಟುವಿನ ಅಮ್ಮ

ತಾ.ಕ.: ಇದನ್ನ ಬರೀಬಾರದು ಅಂತಿದ್ದೆ. ನಿನ್ನೆ ಮನೆಗೆ ಬರ್ತಾ ಬಸ್ಸಿನಲ್ಲಿ ಚೋಟು ನನ್ನ ಕಿವಿ ಹತ್ತಿರ ಬಂದು, ಸೂಜಿ ಹಾಕಿಸಿದ್ದು ಅಪ್ಪಂಗೆ ಹೇಳ್ಬೇಡ ಅಂದಳು. ಯಾಕೆ ಅಂದರೆ, ಅಪ್ಪಂಗೆ ತಡ್ಕೊಳ್ಳೋಕಾಗಲ್ಲ ಅಂದಳು. ಆವತ್ತು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ನೀನು ಅತ್ತುಬಿಟ್ಟೆಯಂತೆ, ಇವಳೇ ಫ್ರಾಕಿನಿಂದ ನಿನ್ನ ಮುಖ ಒರೆಸಿ, ಏನೂ ಆಗಲ್ಲ ಅಪ್ಪ ಅಂದಳಂತೆ. ನಾಲ್ಕು ವರ್ಷದ ಮಗು ನಿನ್ನನ್ನ ಸಮಾಧಾನ ಮಾಡೋ ಹಾಗೆ ಮಾಡಿದ್ದೀಯ, ನಿನ್ನ ಜನ್ಮಕ್ಕಿಷ್ಟು! ನಾನು ಅವಳ ತಲೆ ಮುಟ್ಟಿ, ಆಯ್ತು, ಹೇಳಲ್ಲ ಅಂದೆ. ಅಂದವಳು ಇಷ್ಟುದ್ದ ಕಾಗದ ಬರೆದಿದ್ದೀನಿ. ಭಾನುವಾರ ಅವಳನ್ನ ನೋಡೋಕೆ ಬಂದಾಗ ತೋಳಿನ ವಿಷಯ ಎತ್ತಬೇಡ, ನಿನಗೇನೂ ಗೊತ್ತಿಲ್ಲದ ಹಾಗೆ ಇರು. ನನಗೋಸ್ಕರ ಇದೊಂದು ಸುಳ್ಳು ಹೇಳು, ನಿನ್ನನ್ನ ಬೇಡ್ಕೊಳ್ತೀನಿ.