ಬೆರಳುಗಳ ನಡುವಿನ ಸೂಜಿ

ಮಾರ್ಚ್ 4, ಸೋಮವಾರ

ಫಿಜಿಯೋಥೆರಪಿಗೆ ಇವತ್ತು ಹತ್ತು ಪೇಷಂಟು. ಮೂರು ಮಂಡಿ, ಎರಡು ಸೊಂಟ, ಉಳಿದದ್ದೆಲ್ಲ ಕುತ್ತಿಗೆ, ಭುಜ. ಕೊನೆಗೆ ಕ್ಷೌರಿಕರು. ಇಪ್ಪತ್ತಾರು ವರ್ಷ ಕೈ ಎತ್ತಿಯೇ ದುಡಿದವರು. ಬಲಭುಜದ ಮೇಲೆ ಗೋಲಿಯಷ್ಟು ಗಂಟು. ಎರಡು ವಾರ ತಿಕ್ಕಿ, ಎಳೆದು, ಶಾಖ ಕೊಟ್ಟರೂ ಜಗ್ಗಿಲ್ಲ. ಡ್ರೈ ನೀಡ್ಲಿಂಗ್ ಮಾಡೋಣವೇ ಎಂದೆ. ಔಷಧಿಯಿಲ್ಲದ ಬರೀ ಸೂಜಿ, ಕೂದಲಿಗಿಂತ ತುಸು ದಪ್ಪ, ನೇರ ಗಂಟಿಗೇ.

“ಜನರ ಗಂಟಲ ಮೇಲೆ ದಿನಾ ಕತ್ತಿ ಇಡೋನು ನಾನು. ಸೂಜಿಗೆ ಹೆದರ್ತೀನಾ ಮೇಡಂ?” ಸೂಜಿ ನೋಡಿದ ಮೇಲೆ, “ಹೆದರ್ತೀನಿ.”

ಹಾಕಿದೆ. ಗಂಟು ಒಮ್ಮೆ ಮಿಡುಕಿ ಸಡಿಲಿತು.

ಮಾರ್ಚ್ 7

ಕ್ಷೌರಿಕರ ಕೈ ಈಗ ತಲೆಯ ಮೇಲಕ್ಕೂ ಏರುತ್ತಿದೆ. ಗೋಡೆ ಗಡಿಯಾರಕ್ಕೆ ತಾವೇ ಸೆಲ್ ಹಾಕಿದರಂತೆ. ನನಗೂ ಜಂಬ. ಮನೆಯಲ್ಲಿ ಇವರಿಗೆ ಎರಡು ಸಲ ಹೇಳಿದೆ. “ಆಗ್ಲೇ ಹೇಳಿದ್ಯಲ್ಲೇ” ಎಂದರು.

ಮಾರ್ಚ್ 11, ಸಂಜೆ

ಭುಜದ ಆ ಸ್ನಾಯುವಿನ ಕೆಳಗೇ ಶ್ವಾಸಕೋಶದ ತುದಿ. ಅದಕ್ಕೇ ಸ್ನಾಯುವನ್ನು ಬೆರಳಲ್ಲಿ ಹಿಡಿದೆತ್ತಿ, ಆ ಬೆರಳುಗಳ ನಡುವೆಯೇ ಸೂಜಿ ಹೋಗಬೇಕು. ಸಾವಿರ ಸಲ ಮಾಡಿದ್ದು. ಇವತ್ತು ಮತ್ತೆ ಸೂಜಿ ಹಾಕುವಾಗ ಕ್ಷೌರಿಕರು ಯಾರೋ ಗಿರಾಕಿಯ ವಿಗ್ಗಿನ ಕಥೆ ಹೇಳಿದರು. ಇಬ್ಬರೂ ನಕ್ಕೆವು. ಆಗ... ಗೊತ್ತಿಲ್ಲ. ಗೊತ್ತಿದೆ. ಬೆರಳು ಸಡಿಲವಾಗಿತ್ತು.

ಹೋಗುವಾಗ ಒಣಕೆಮ್ಮು. ನಾಲ್ಕು ಗಂಟೆಗೆ ಫೋನ್. “ಮೆಟ್ಟಿಲು ಹತ್ತಿದ್ರೆ ಉಸಿರು ಹಿಡ್ಕೊಳ್ತಿದೆ. ಗ್ಯಾಸ್ ಇರ್ಬೇಕು. ಮಲಗಿಬಿಡ್ಲಾ?”

“ಬೇಡ. ಈಗ್ಲೇ ಆಸ್ಪತ್ರೆಗೆ ಹೊರಡಿ. ನಾನೂ ಬರ್ತೀನಿ.”

ಎಕ್ಸ್‌ರೇ. ಶ್ವಾಸಕೋಶಕ್ಕೆ ಸಣ್ಣ ತೂತು. ಗಾಳಿ ಸೋರಿ ಎದೆಯೊಳಗೆ ನಿಂತಿದೆ. ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ನಾಳೆವರೆಗೆ ಇಲ್ಲೇ ಇರಲಿ ಎಂದರು ಡಾಕ್ಟರ್. ಮಂಚದ ಪಕ್ಕ ನಿಂತು ಹೇಳಿದೆ: “ನನ್ನ ಸೂಜಿಯಿಂದ ಆಗಿದ್ದು ಇದು.” ಆಕ್ಸಿಜನ್ ಮಾಸ್ಕಿನಲ್ಲೇ ಅವರು ತಲೆಯಾಡಿಸಿದರು. ಅವರ ಹೆಂಡತಿ ನನ್ನ ಕೈಗಳನ್ನೇ ನೋಡುತ್ತಿದ್ದರು.

ಮಾರ್ಚ್ 12

ಕ್ಲಿನಿಕ್ಕಿನ ಯಜಮಾನರು ರಿಪೋರ್ಟ್ ಫಾರಂ ಮುಂದಿಟ್ಟರು. ಸೂಜಿ ಹಿಡಿಯಲು ಕಲಿಸಿದವರೂ ಅವರೇ. “ಪೇಷಂಟ್ ನಕ್ಕು ಅಲ್ಲಾಡಿದ್ರು ಅಂತ ಬರೀರಿ. ಸುಳ್ಳೇನಲ್ವಲ್ಲ.”

ಸುಳ್ಳಲ್ಲ. ಅದೇ ಕಷ್ಟ. ‘ನನ್ನ ಹಿಡಿತ ಸಡಿಲವಾಗಿತ್ತು’ ಎಂದು ಬರೆದು ಸಹಿ ಹಾಕಿದೆ. ಓದಿದರು. ಬೈಯಲಿಲ್ಲ. ಸೂಜಿ ಡಬ್ಬಿಯನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮಾರ್ಚ್ 29

ಬರೆಯಲು ಮನಸ್ಸಿರಲಿಲ್ಲ. ತಿಕ್ಕುವುದು, ಎಳೆಯುವುದು, ವ್ಯಾಯಾಮ ಹೇಳಿಕೊಡುವುದು — ಇಷ್ಟೇ. “ಅಷ್ಟು ಹಿಂಸೆ ಆದ್ರೆ ಆ ಸೂಜಿ ಬಿಟ್ಬಿಡು” ಎಂದರು ಇವರು. ಬಿಡಬಹುದು. ಆದರೆ ಕೆಲವು ಗಂಟುಗಳಿಗೆ ಹೆಬ್ಬೆರಳು ಸಾಲದು...

ಏಪ್ರಿಲ್ 3

ಕ್ಷೌರಿಕರ ಅಂಗಡಿಗೆ ಹೋದೆ. ಬಾಗಿಲವರೆಗೆ ಹೋಗಿ ಒಮ್ಮೆ ವಾಪಸಾದೆ. ಮತ್ತೆ ಹೋದೆ. ಎರಡನೆಯ ಎಕ್ಸ್‌ರೇ ಸರಿಯಿದೆಯಂತೆ. ಗಿರಾಕಿಗಳಿರಲಿಲ್ಲ. ತಿರುಗುವ ಕುರ್ಚಿಯಲ್ಲೇ ಕೂರಿಸಿದರು.

“ಒಬ್ರ ಕಿವಿ ಕೊಯ್ದಿದ್ದೆ ಒಂದ್ಸಲ. ಆರು ಹೊಲಿಗೆ.”

“ಆಮೇಲೆ ಬಂದ್ರಾ?”

“ಇಲ್ಲ. ರಸ್ತೆ ಆ ಕಡೆಯಿಂದ ನಡೀತಾರೆ. ನಾನು ನಮಸ್ಕಾರ ಮಾಡ್ತೀನಿ. ಅವ್ರು ನೋಡಲ್ಲ.” ಟವೆಲ್ ಕೊಡವಿದರು. “ನಾನು ಸೂಜಿಗೆ ಮತ್ತೆ ಬರಲ್ಲ ಮೇಡಂ. ಆದ್ರೆ ನಿಮ್ಮನ್ನ ನೋಡಿ ರಸ್ತೆ ದಾಟಲ್ಲ.”

ಏಪ್ರಿಲ್ 9, ಬೆಳಿಗ್ಗೆ 11.10

ಡಬ್ಬಿ ವಾಪಸ್. ನಿನ್ನೆ ಯಜಮಾನರು ನನ್ನಿಂದ ತಮ್ಮ ಭುಜಕ್ಕೇ ಸೂಜಿ ಹಾಕಿಸಿಕೊಂಡು ಪರೀಕ್ಷೆ ಮಾಡಿದರು. ಉಸಿರು ಬಿಗಿಹಿಡಿದದ್ದು ನಾನು.

ಇವತ್ತು ಒಬ್ಬರು ಸ್ಕೂಲ್ ಟೀಚರ್. ಬೋರ್ಡ್ ಮೇಲೆ ಬರೆದೂ ಬರೆದೂ ಅದೇ ಜಾಗದಲ್ಲಿ ಗಂಟು. ಲಾಭ ಹೇಳಿದೆ, ಅಪಾಯ ಹೇಳಿದೆ, ತೀರ ಅಪರೂಪ ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು.

“ಅಪರೂಪ ಅಂದ್ರೆ?”

“ನನ್ನ ಕೈಯಲ್ಲಿ ಒಂದ್ಸಲ ಆಗಿದೆ. ಹೋದ ತಿಂಗಳು.”

ಕನ್ನಡಕ ತೆಗೆದು ಒರೆಸಿಕೊಂಡರು. “ಸ್ವಲ್ಪ ಹೊರಗೆ ಕೂತು ಯೋಚ್ನೆ ಮಾಡ್ಲಾ?”

ಮಾಡಿ ಎಂದೆ. ಬ್ಯಾಗ್ ತೆಗೆದುಕೊಂಡೇ ಹೋದರು. ಇಪ್ಪತ್ತು ನಿಮಿಷವಾಯಿತು. ಹೋದರೆ ಹೋಗಲಿ. ಹೇಳದೇ ಹಾಕಿದ್ದರೆ...

ಬಾಗಿಲ ಸದ್ದು. ಅವರೇ. ಬ್ಯಾಗ್ ಕುರ್ಚಿಯ ಮೇಲಿಟ್ಟು, ಯಾವ ಕಡೆ ತಿರುಗಿ ಮಲಗಲಿ ಎಂದು ಕೇಳುತ್ತಿದ್ದಾರೆ. ಕೈ ತೊಳೆಯಬೇಕು. ಉಳಿದದ್ದು —