ಈ ಸಲ ಉದುರದ ಸೆನ್ಸರ್

ರೀ,

ಸಕ್ಕರೆ ಅಳೆಯುವ ಒಂದು ಸೆನ್ಸರಿಗೆ ನಿಮ್ಮ ಪರಸಿ ಕಲ್ಲು ಪಾಲಿಶ್ ಕೆಲಸದ ಒಂದು ವಾರದ ಕೂಲಿ ಹೋಗುತ್ತದೆ. ಹೋದ ಎರಡೂ ಸಲ ಅದು ಅರ್ಧಕ್ಕೇ ಮಗಳು ಶೈಲಶ್ರೀಯ ತೋಳಿನಿಂದ ಕಿತ್ತು ಬಂತು. ನೀವು ಅಂಗಡಿಯವನನ್ನು ಬೈದಿರಿ. ತಪ್ಪು ನಮ್ಮ ಕುಸುಬಿ ಎಣ್ಣೆಯದು. "ಈಗರ ಮೈ ತೊಳಕೊಂಡಾಳ, ತೋಳು ಸಾಫ್ ಅದ" ಎಂದು ಎಣ್ಣೆಸ್ನಾನ ಮುಗಿದ ಕೂಡಲೇ ಅಂಟಿಸುತ್ತಿದ್ದಿರಿ. ಎಣ್ಣೆ ಕುಡಿದ ಚರ್ಮಕ್ಕೆ ಅಂಟು ಹೇಗೆ ಹಿಡಿಯಬೇಕು?

ಈ ಸಲ ಎಣ್ಣೆ ಮುಟ್ಟಿಸದೆ, ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ ನಾನೇ ಹಾಕಿದೆ. ಸುತ್ತಲೂ ಪಟ್ಟಿ ಅಂಟಿಸಿದೆ. ಇವತ್ತು ಅದರ ಕೊನೆಯ ದಿನ, ಒಂಚೂರೂ ಅಲುಗಿಲ್ಲ! ಟೀಚರಿಗೆ ಮೊಬೈಲಿನಲ್ಲಿ ಸಕ್ಕರೆಯ ಅಂಕಿ ತೋರಿಸಿದೆ. "ಹಿಂಗ ಕಾಣ್ತದ ಅಂದ್ರ ಆಡ್ಲಿ ಬಿಡ್ರಿ, ನೀವೂ ಬರ್ರಿ" ಎಂದರು. ಖೋಖೋ ಪಂದ್ಯಕ್ಕೆ ಅವಳ ಜೊತೆ ಚಿತ್ತಾಪುರಕ್ಕೆ ಹೊರಟಿದ್ದೇನೆ. ಗ್ಲುಕೋಸ್, ಇನ್ಸುಲಿನ್ ನನ್ನ ಚೀಲದಲ್ಲಿವೆ. ನೀವು ರಾತ್ರಿಪಾಳಿ ಮುಗಿಸಿ ಮಲಗಿದ್ದಿರಿ, ಎಬ್ಬಿಸಲಿಲ್ಲ.

ಸಂಜೆ ಹೊಸದು ಹಾಕಬೇಕು, ಚಾರ್ಜರ್ ಹುಡುಕಿಡಿ. ಸೆನ್ಸರಿನ ಮೇಲೆ ಕೂತು ಮೊಬೈಲಿಗೆ ಅಂಕಿ ಕಳಿಸುವ ಟ್ರಾನ್ಸ್‌ಮಿಟರನ್ನು ಚಾರ್ಜ್ ಮಾಡಿ ಮತ್ತೆ ಬಳಸುತ್ತೇವೆ. ಹಳೆ ಸೆನ್ಸರಿನ ಜೊತೆ ಅದನ್ನೂ ಕಸಕ್ಕೆ ಎಸೆಯಬೇಡಿ. ನಿಮ್ಮ ತಮ್ಮ ದೇವಾನಂದ ಬಂದು "ಇನ್ನೊಂದು ವಾರ ಅದೇ ನಡೀತದ ಬಿಡಣ್ಣಾ" ಎಂದರೆ ಕೇಳಬೇಡಿ. ಅವಧಿ ಮೀರಿದ್ದು ಸುಳ್ಳು ಅಂಕಿ ತೋರಿಸಿದರೆ ಮಗಳಿಗೆ ಕೊಡುವ ಇನ್ಸುಲಿನ್ ಪ್ರಮಾಣ ತಪ್ಪುತ್ತದೆ.

ಪುಂಡಿಪಲ್ಯ, ರೊಟ್ಟಿ ಮುಚ್ಚಿಟ್ಟಿದ್ದೇನೆ. ಬಿಸಿ ಮಾಡಿಕೊಂಡು ತಿನ್ನಿ.

ಹೋದ ವರ್ಷ ಅವಳು ಮೈದಾನದ ಬದಿಗೆ ಕೂತು ಉಳಿದವರ ಚಪ್ಪಲಿ ಕಾದಳು. ಇವತ್ತು ಆಡುತ್ತಾಳೆ.