ಅಕ್ಕ ಮುಚ್ಚಿಟ್ಟ ಬೆರಳು ನೋವು

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಡಲು ಅಕ್ಕ ನನ್ನನ್ನು ಕರೆದಳು. ಈ ವಾರದಲ್ಲಿ ಇದು ಎರಡನೆಯ ಸಲ. ಅವಳ ಬೆರಳ ಗೆಣ್ಣುಗಳು ಊದಿಕೊಂಡಿದ್ದವು. ನಾನು ನೋಡುತ್ತಾ ನಿಂತದ್ದಕ್ಕೆ, "ಹಾಕೇ ತಾಯಿ, ಕವನ ಆಮೇಲೆ ಕಟ್ಟು," ಎಂದಳು.

ಸಂಜೆ ಕಿವಿ ಡಾಕ್ಟರ ಬಳಿ ಹೋದೆವು. ತಿಂಗಳಿನಿಂದ ಅವಳಿಗೆ ಆಗಾಗ ತಲೆ ತಿರುಗುತ್ತದೆ, ಕಿವಿ ಗುಂಯ್‌ಗುಡುತ್ತದೆ. ಅಂಗಡಿಗಳ ಬೋರ್ಡು ಬರೆಯುವ ಕೆಲಸ ಅವಳದು, ದಿನವಿಡೀ ಏಣಿಯ ಮೇಲೆ.

"ರೋಗದಿಂದ ಮೈ ಕಾಯೋ ಶಕ್ತಿನೇ ಕೆಲವೊಮ್ಮೆ ತಪ್ಪು ತಿಳ್ಕೊಂಡು ಒಳಕಿವಿ ಮೇಲೆ ಬೀಳುತ್ತೆ. ನಿಮ್ಗೂ ಹಾಗೇ ಅಂತ ಈಗ್ಲೇ ಹೇಳಕ್ಕಾಗಲ್ಲ. ಅದು ಕೀಲುಗಳ ಮೇಲೂ ಬೀಳಬಹುದು. ಕೀಲು ನೋವು, ಊತ ಏನಾದ್ರೂ ಇದೆಯಾ?" ಎಂದರು ಡಾಕ್ಟರು.

"ಏನೂ ಇಲ್ಲ," ಎಂದಳು ಅಕ್ಕ. ಊದಿದ ಬೆರಳುಗಳನ್ನು ಚೀಲದ ಕೆಳಗೆ ಮುಚ್ಚಿಟ್ಟುಕೊಂಡಿದ್ದಳು.

ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡುತ್ತಾ ಕೂತೆ. ದಾರಿಯಲ್ಲಿ ಯಾಕೆ ಮುಚ್ಚಿಟ್ಟೆ ಎಂದು ಕೇಳಿದರೆ, "ತಲೆ ತಿರುಗುತ್ತೆ ಅಂದ್ರೆ ಏಣಿ ಕಿತ್ಕೋತಾರೆ, ಬೆರಳು ನೋವು ಅಂದ್ರೆ ಕುಂಚ ಕಿತ್ಕೋತಾರೆ. ಒಂದಾದ್ರೂ ಉಳೀಲಿ ಬಿಡೇ," ಎಂದು ನಕ್ಕಳು.

ತಲೆ ತಿರುಗುವುದಕ್ಕೂ ಬೆರಳ ಊತಕ್ಕೂ ಕಾರಣ ಒಂದೇ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಡಾಕ್ಟರಿಗೆ ಗೊತ್ತೇ ಆಗದಿದ್ದರೆ ಪರೀಕ್ಷೆ ಹೇಗಾದೀತು? ಅವಳು ಏಣಿಯಿಂದ ಬಿದ್ದ ಮೇಲೆ ಹೇಳಿ ಏನು ಬಂತು?

ಶುಕ್ರವಾರ ಮತ್ತೆ ಹೋಗಬೇಕು. ಅವಳ ಬೆನ್ನ ಹಿಂದೆ ಹೇಳುವುದಿಲ್ಲ. ಪಕ್ಕದಲ್ಲೇ ಕೂತು, ಅವಳು ಬೈದರೂ, ನಾನೇ ಹೇಳುತ್ತೇನೆ.